ಕಲಿತದ್ದನ್ನು ಒರೆಗೆ ಹಚ್ಚುವ ಬಗೆ



ಖಡಕಿಯಿಂದ ಲೋಕಲ್ ಗಾಡಿ ಹಿಡಿದು ಪುಣೆ ಸ್ಟೇಷನ್ನಿನಲ್ಲಿ ಇಳಿದರೆ ಸಸೂನ್ ಆಸ್ಪತ್ರೆ ಹತ್ತಿರವೇ. ನಮ್ಮವರಲ್ಲಿ ಅನೇಕರು ಅಲ್ಲಿ ಚೀಟಿ ಹಿಡಿದು ಸಾಲಿನಲ್ಲಿ ನಿಂತವರು. ಅದರ ಮಗ್ಗುಲಿನ ಬಿ. ಜೆ. ವೈದ್ಯಕೀಯ ಕಾಲೇಜು 1946ರಲ್ಲಿ ಆರಂಭವಾಯಿತು. ಅಲ್ಲಿ ಕಲಿಯುವ ಹುಡುಗ ಹುಡುಗಿಯರೇ ನಾಳೆ ನಮ್ಮ ನಾಡಿ ಹಿಡಿಯುವವರು. ಆದುದರಿಂದ ವೈದ್ಯರು ಕಲಿಯುವ ರೀತಿ ನಮಗೂ ಸಂಬಂಧಪಟ್ಟ ವಿಷಯವೇ.

ಬಹುಕಾಲ ತರಗತಿಯ ಪಾಠವೆಂದರೆ ಗುರುಗಳು ಹೇಳುವುದು, ಶಿಷ್ಯರು ಬರೆದುಕೊಳ್ಳುವುದು. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಬೇರೆ ದಾರಿ ಹಿಡಿಯಿತು. ರೋಗಿಯೊಬ್ಬನ ಸಮಸ್ಯೆಯನ್ನು ಚಿಕ್ಕ ಗುಂಪಿನ ಮುಂದಿಡುವುದು. ವಿದ್ಯಾರ್ಥಿಗಳೇ ಚರ್ಚಿಸಿ, ತಿಳಿಯದ್ದನ್ನು ತಾವೇ ಓದಿಕೊಂಡು ಬಂದು, ಒಬ್ಬರಿಗೊಬ್ಬರು ವಿವರಿಸುವುದು. ದಾರಿ ತಪ್ಪದಂತೆ ನೋಡುವುದು ಗುರುವಿನ ಕೆಲಸ. ನಮ್ಮ ದೇಶದಲ್ಲಿಯೂ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಸ್ವಯಂ ಅಧ್ಯಯನಕ್ಕೆ ಗೊತ್ತಾದ ವೇಳೆಯನ್ನು ಕೊಟ್ಟಿದೆ.

ಈ ಕ್ರಮ ಫಲಿಸಿತೆಂದು ತಿಳಿಯುವುದು ಹೇಗೆ? "ಪಾಠ ಹೇಗಿತ್ತು?" ಎಂದು ಕಲಿತವರನ್ನೇ ಕೇಳಿದರೆ ಸಾಲದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ತೋರಿಸಿತು. ಸೊಗಸಾದ ಉಪನ್ಯಾಸ ಕೇಳಿದವರು ತಾವು ಹೆಚ್ಚು ಕಲಿತೆವೆಂದರು. ಗುಂಪಿನಲ್ಲಿ ತಾವೇ ಲೆಕ್ಕ ಬಿಡಿಸಿದವರಿಗೆ ಅಷ್ಟು ಕಲಿತಂತೆ ಅನಿಸಲಿಲ್ಲ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಮಾತ್ರ ಲೆಕ್ಕ ಬಿಡಿಸಿದವರಿಗೇ!

ನಮ್ಮ ವಾಚನಾಲಯದ ಅನುಭವವೂ ಒಂದುಂಟು. ಪಾಳಿ ಮುಗಿಸಿ ಬಂದ ಸದಸ್ಯರಿಗೆ ಒಂದು ಸಂಜೆ ನಾವು ಓ.ಆರ್.ಎಸ್. ಪುಡಿಯ ವಿಷಯ ಓದಿ ಹೇಳಿದೆವು. ಎಲ್ಲರೂ ತಲೆದೂಗಿದರು. ಮರುವಾರ ಪೊಟ್ಟಣ, ಲೋಟ, ಪಾತ್ರೆಗಳನ್ನಿಟ್ಟು "ಮಾಡಿ ತೋರಿಸೋಣ" ಎಂದೆವು. ಒಂದು ಲೀಟರು ನೀರಿಗೆ ಕಲಸಬೇಕಾದ ಪೊಟ್ಟಣವನ್ನು ಮೂವರು ಒಂದೇ ಲೋಟಕ್ಕೆ ಸುರಿದರು. ಅವರಲ್ಲಿ ಪಾಠ ಹೇಳಿದ ನಾವೂ ಒಬ್ಬರು! ಉಪ್ಪು ಮಿತಿಮೀರಿದ ಆ ನೀರು ಭೇದಿಯಾದ ಮಗುವಿಗೆ ಅಪಾಯಕರ. ಪೊಟ್ಟಣದ ಮೇಲಿನ ಅಳತೆಯನ್ನು ಅಂದು ನಾವು ಮನಸ್ಸಿಟ್ಟು ಓದಿದೆವು.

ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಶಿಕ್ಷಣತಜ್ಞರು 1990ರಲ್ಲಿ ವೈದ್ಯನ ಕಲಿಕೆಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು:

1. ವಿಷಯ ತಿಳಿದಿದೆಯೇ?
2. ಮಾಡುವ ಬಗೆ ತಿಳಿದಿದೆಯೇ?
3. ಮಾಡಿ ತೋರಿಸಬಲ್ಲನೇ?
4. ನಿತ್ಯದ ಕೆಲಸದಲ್ಲಿ ಹಾಗೆಯೇ ಮಾಡುತ್ತಾನೆಯೇ?

ಬರವಣಿಗೆಯ ಪರೀಕ್ಷೆ ಮುಟ್ಟುವುದು ಮೊದಲೆರಡನ್ನು. ಮೂರನೆಯದಕ್ಕೆ 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಯವರು ಒಂದು ಕ್ರಮ ಪ್ರಕಟಿಸಿದರು. ವಿದ್ಯಾರ್ಥಿಯು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತ ಗೊತ್ತಾದ ಕೆಲಸ ಮಾಡಿ ತೋರಿಸಬೇಕು. ಪರೀಕ್ಷಕರು ಎಲ್ಲರಿಗೂ ಒಂದೇ ಪಟ್ಟಿಯಂತೆ ಅಂಕ ಕೊಡುವರು. ನಾಲ್ಕನೆಯದನ್ನು ರೋಗಿಯ ಹಾಸಿಗೆಯ ಬಳಿಯಲ್ಲೇ ನೋಡಬೇಕು.

ತಾವೇ ಕಲಿಯುವುದು ಒಳ್ಳೆಯದು. ಆದರೆ ತಿದ್ದುವವರಿಲ್ಲದಿದ್ದರೆ ಒಬ್ಬನ ತಪ್ಪು ಹತ್ತು ಜನರ ತಪ್ಪಾದೀತು.

ಅಭ್ಯಾಸ: ಈ ವಾರ ನೀವು ಓದಿದ ಒಂದು ಉಪಯುಕ್ತ ವಿಷಯವನ್ನು ಪುಸ್ತಕ ಮುಚ್ಚಿಟ್ಟು ಜೊತೆಗಾರರೆದುರು ಮಾಡಿ ತೋರಿಸಿರಿ. ಬಳಿಕ ಇಬ್ಬರೂ ಪುಸ್ತಕ ತೆರೆದು ಸರಿನೋಡಿರಿ.