ಮಾನವ ಹಕ್ಕು ಆಯೋಗಕ್ಕೆ ದೂರು: ಮಾಲೀಕ ಹೊಡೆದದ್ದಷ್ಟೇ ಸಾಲದು, ಠಾಣೆ ಏನು ಮಾಡಿತು ಬರೆಯಿರಿ

ದೆಹಲಿಯ ಮುನಿರ್ಕಾ ಹಳ್ಳಿಯ ಇಕ್ಕಟ್ಟು ಗಲ್ಲಿಗಳ ಬಾಡಿಗೆ ಕೋಣೆಗಳಲ್ಲಿ ನಮ್ಮ ಕಡೆಯವರೂ ಇದ್ದಾರೆ. ಜೆಎನ್‌ಯು ಹಾಸ್ಟೆಲ್ ಸಿಗದವರು, ಪಕ್ಕದ ಬೇರ್ ಸರಾಯ್‌ಗೆ ಹೋಗಿ ಯುಪಿಎಸ್‌ಸಿಗೆ ಓದುವವರು, ಆಸ್ಪತ್ರೆಗಳಲ್ಲಿ ನರ್ಸ್ ಆಗಿರುವವರು. ಏನಾದರೂ ಅನ್ಯಾಯವಾದರೆ ಇವರ ಬಾಯಲ್ಲಿ ಮೊದಲು ಬರುವ ಮಾತು, ‘ಹ್ಯೂಮನ್ ರೈಟ್ಸ್‌ಗೆ ಹಾಕ್ತೀನಿ’. ಹಾಕುತ್ತಾರೆ ಕೂಡ. ಸ್ವಲ್ಪ ದಿನದಲ್ಲಿ ದೂರು ವಜಾ ಆದ ಉತ್ತರ ಬರುತ್ತದೆ, ಊರಿಗೆ ಫೋನ್ ಮಾಡಿ ‘ಇಲ್ಲಿ ಯಾರೂ ಕೇಳೋರಿಲ್ಲ’ ಅನ್ನುತ್ತಾರೆ. ಹೀಗೆ ವಜಾ ಆದ ದೂರುಗಳನ್ನು ಓದಿದಾಗ ಸಂಕಟವಾಗುತ್ತದೆ. ನೋವು ನಿಜ, ಪೆಟ್ಟು ನಿಜ. ದೂರು ಬರೆದ ರೀತಿ ಮಾತ್ರ ತಪ್ಪು.

ಹಿನ್ನೆಲೆ ಇಷ್ಟು ಸಾಕು. ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ 1993ರದ್ದು, ರಾಷ್ಟ್ರೀಯ ಆಯೋಗ ಸ್ಥಾಪನೆಯಾದದ್ದು ಅದೇ ವರ್ಷದ ಅಕ್ಟೋಬರ್ 12ರಂದು. ಜೀವ, ಸ್ವಾತಂತ್ರ್ಯ, ಸಮಾನತೆ, ಘನತೆ ಇವು ಅದರ ವ್ಯಾಪ್ತಿ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ತನ್ನದೇ ರಾಜ್ಯ ಆಯೋಗವಿದೆ. ದೆಹಲಿಗೆ ಅಂಥದ್ದಿಲ್ಲ, 2019ರ ತಿದ್ದುಪಡಿಯ ಪ್ರಕಾರ ದೆಹಲಿಯ ದೂರುಗಳನ್ನು ರಾಷ್ಟ್ರೀಯ ಆಯೋಗವೇ ನೋಡಿಕೊಳ್ಳುತ್ತದೆ. ಮುನಿರ್ಕಾದಲ್ಲಿ ಮೆಟ್ರೊ ಹತ್ತಿ ಹೌಜ್ ಖಾಸ್‌ನಲ್ಲಿ ಬದಲಿಸಿದರೆ ಮೂರನೆಯ ನಿಲ್ದಾಣ ಐಎನ್‌ಎ. ಆಯೋಗ ಇರುವುದು ಅಲ್ಲೇ.

ಆದರೆ ಮೊದಲು ಹೋಗಬೇಕಾದದ್ದು ಅಲ್ಲಿಗಲ್ಲ. ಅಪಾಯ ಎದುರಿಗಿದ್ದರೆ 112. ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೆಟ್ಟಿನ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಿ. ‘ಬಿದ್ದೆ’ ಎಂದು ಸುಳ್ಳು ಹೇಳಬೇಡಿ, ಡಾಕ್ಟರ್ ಬರೆದದ್ದೇ ಕೊನೆಯವರೆಗೂ ನಿಲ್ಲುತ್ತದೆ. ನಂತರ ಠಾಣೆ. ಮುನಿರ್ಕಾ ಸುತ್ತ ವಸಂತ ವಿಹಾರ, ಕಿಶನ್‌ಗಡ, ಆರ್.ಕೆ. ಪುರಂ ಠಾಣೆಗಳಿವೆ. ‘ಇದು ನಮ್ಮ ಏರಿಯಾ ಅಲ್ಲ’ ಎಂದು ಓಡಾಡಿಸಿದರೆ ಒಪ್ಪಬೇಡಿ. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ಬರೆದುಕೊಳ್ಳಲೇಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ. ಝೀರೋ ಎಫ್‌ಐಆರ್ ಅನ್ನುವುದು ಇದನ್ನೇ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು.

ಎಫ್‌ಐಆರ್ ಮಾಡದೆ ಬರೀ ಅರ್ಜಿ ಇಟ್ಟುಕೊಂಡರೆ, ಅದರ ನಕಲಿನ ಮೇಲೆ ಠಾಣೆಯ ಸೀಲು, ದಿನಾಂಕ, ಡಿಡಿ (ಠಾಣೆಯ ದಿನಚರಿ) ನಂಬರ್ ಹಾಕಿಸಿಕೊಳ್ಳಿ. ದೆಹಲಿಯ ಠಾಣೆಗಳಲ್ಲಿ ಇದಕ್ಕೆ ‘ರಿಸೀವಿಂಗ್’ ಅನ್ನುತ್ತಾರೆ. ‘ಸಮ್‌ಝೌತಾ ಕರ್ ಲೋ’ ಎಂದು ರಾಜಿಗೆ ಕೂರಿಸುವುದು ಇಲ್ಲಿ ಮಾಮೂಲು. ಹಿಂದಿಯಲ್ಲಿ ಬರೆದ ಕಾಗದಕ್ಕೆ ಓದದೆ, ಅರ್ಥವಾಗದೆ ಸಹಿ ಹಾಕಬೇಡಿ. ಠಾಣೆ ನಿರಾಕರಿಸಿದರೆ ಡಿಸಿಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ಅದೇ ಸಂಹಿತೆಯ 175(3)ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಮುನಿರ್ಕಾಕ್ಕೂ ದೂರು ದಾಖಲಿಸಲೇಬೇಕೆಂಬ ಕಾನೂನಿಗೂ ನೇರ ನಂಟಿದೆ. 2012ರ ಡಿಸೆಂಬರ್ 16ರ ರಾತ್ರಿ ಚಲಿಸುವ ಬಸ್ಸಿನಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಯುವತಿ ಆ ಬಸ್ ಹತ್ತಿದ್ದು ಮುನಿರ್ಕಾದ ನಿಲ್ದಾಣದಲ್ಲಿ. ಬಳಿಕ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು, 2013ರಲ್ಲಿ ಕಾನೂನು ಬದಲಾಯಿತು. ಇವತ್ತು ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಅಪರಾಧಗಳ ಮಾಹಿತಿ ದಾಖಲಿಸದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ 199ನೇ ಸೆಕ್ಷನ್ ಪ್ರಕಾರ ಕನಿಷ್ಠ 6 ತಿಂಗಳ, ಗರಿಷ್ಠ 2 ವರ್ಷದ ಕಠಿಣ ಶಿಕ್ಷೆಯಿದೆ. ಆ ವರ್ಮಾ ಅವರೇ ಹಿಂದೆ ಮಾನವ ಹಕ್ಕು ಆಯೋಗದ ಅಧ್ಯಕ್ಷರಾಗಿದ್ದವರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಾಮಾನ್ಯವಾಗಿ ದೂರು ಹೀಗಿರುತ್ತದೆ: ‘ಮನೆ ಮಾಲೀಕ ರಾತ್ರಿ ನನ್ನ ಸಾಮಾನು ಹೊರಗೆಸೆದು ಹೊಡೆದಿದ್ದಾನೆ, ಅಡ್ವಾನ್ಸ್ ವಾಪಸ್ ಕೊಟ್ಟಿಲ್ಲ. ನನ್ನ ಮಾನವ ಹಕ್ಕು ಉಲ್ಲಂಘನೆಯಾಗಿದೆ, ನ್ಯಾಯ ಕೊಡಿಸಿ.’ ಇದು ಆರಂಭದಲ್ಲೇ ವಜಾ ಆಗುತ್ತದೆ. ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಓದಿ ನೋಡಿ: ಸರ್ಕಾರಿ ನೌಕರ ಹಕ್ಕು ಉಲ್ಲಂಘಿಸಿರಬೇಕು, ಇಲ್ಲವೇ ಅದಕ್ಕೆ ಕುಮ್ಮಕ್ಕು ಕೊಟ್ಟಿರಬೇಕು, ಇಲ್ಲವೇ ಅದನ್ನು ತಡೆಯುವುದರಲ್ಲಿ ಅಸಡ್ಡೆ ತೋರಿರಬೇಕು. ಮಾಲೀಕ ಸರ್ಕಾರಿ ನೌಕರನಲ್ಲ. ಅಡ್ವಾನ್ಸಿನ ಜಗಳ ಸಿವಿಲ್ ವ್ಯಾಜ್ಯ.

ಅದೇ ಘಟನೆಯನ್ನು ಹೀಗೆ ಬರೆಯಿರಿ: ‘ಇಂಥ ದಿನ ರಾತ್ರಿ 10.30ಕ್ಕೆ ಮನೆ ಮಾಲೀಕ ಹೊಡೆದ ಬಗ್ಗೆ ಇಂಥ ಠಾಣೆಗೆ ಹೋದೆ. ಡ್ಯೂಟಿಯಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ದೂರು ತೆಗೆದುಕೊಳ್ಳದೆ ಎರಡು ತಾಸು ಕೂರಿಸಿ, ನನ್ನ ಊರು, ಜಾತಿ ಹಿಡಿದು ಬೈದು ಕಳಿಸಿದರು. ಇಂಥ ದಿನ ಡಿಸಿಪಿಗೆ ಸ್ಪೀಡ್ ಪೋಸ್ಟ್ ಮಾಡಿದ್ದೇನೆ, ರಸೀದಿ ಲಗತ್ತಿಸಿದೆ. ಇವತ್ತಿನವರೆಗೆ ಎಫ್‌ಐಆರ್ ಆಗಿಲ್ಲ.’ ಮಾಲೀಕ ಹೊಡೆದ ಸಂಗತಿ ಇಲ್ಲಿಯೂ ಇದೆ, ಆದರೆ ಆಯೋಗ ಪ್ರಶ್ನೆ ಕೇಳಬಹುದಾದ ವ್ಯಕ್ತಿ ಈಗ ಸಿಕ್ಕಿದ. ಹೆಸರು ಗೊತ್ತಿಲ್ಲದಿದ್ದರೆ ಹುದ್ದೆ, ಠಾಣೆ, ಹೊತ್ತು ಬರೆದರೂ ನಡೆಯುತ್ತದೆ. ನಡೆದದ್ದನ್ನು ಮಾತ್ರ ಬರೆಯಿರಿ. ಆಡದ ಬೈಗುಳವನ್ನು ಆಡಿದರು ಎಂದು ಸೇರಿಸಿದರೆ ಇಡೀ ದೂರಿನ ಬೆಲೆ ಹೋಗುತ್ತದೆ. ಕಾಲೇಜು, ಆಸ್ಪತ್ರೆ, ಪುರಸಭೆ ಯಾವುದರ ವಿಷಯವಾದರೂ ಇದೇ ಅಳತೆ: ಯಾವ ಸರ್ಕಾರಿ ನೌಕರ, ಯಾವತ್ತು, ಏನು ಮಾಡಿದ ಅಥವಾ ಮಾಡದೆ ಬಿಟ್ಟ?

ಮತ್ತೊಂದು ಕೆಟ್ಟ ರೂಢಿ, ಒಂದೇ ಅರ್ಜಿಯನ್ನು ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿಗಳಿಗೆ ಬರೆದು ಕೆಳಗೆ ‘ಪ್ರತಿ: ಮಾನವ ಹಕ್ಕು ಆಯೋಗ’ ಎಂದು ಸೇರಿಸುವುದು. ಬೇರೆಯವರಿಗೆ ಬರೆದ ಅರ್ಜಿಯ ಬರೀ ಪ್ರತಿಯನ್ನು ಆಯೋಗ ದೂರೆಂದು ಪರಿಗಣಿಸುವುದಿಲ್ಲ. ಅದರ ಹೆಸರಿಗೇ ಬರೆಯಿರಿ. ಮಹಿಳಾ ಆಯೋಗ, ಪರಿಶಿಷ್ಟ ಜಾತಿಗಳ ಆಯೋಗ ಎಂದು ಎಲ್ಲ ಕಡೆ ಒಟ್ಟಿಗೆ ಹಾಕುವುದೂ ಬೇಡ. ಬೇರೊಂದು ಆಯೋಗದ ಮುಂದಿರುವ ವಿಷಯವನ್ನು ಮಾನವ ಹಕ್ಕು ಆಯೋಗ ಮುಟ್ಟುವ ಹಾಗಿಲ್ಲ. ಜಾತಿ ನಿಂದನೆಯಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್‌ಗೆ ಪಟ್ಟು ಹಿಡಿಯಿರಿ.

ಘಟನೆ ನಡೆದು ಒಂದು ವರ್ಷದೊಳಗೆ ದೂರು ಕೊಡಬೇಕು. ‘ಪರೀಕ್ಷೆ ಮುಗಿಯಲಿ’ ಎಂದು ಕಾದು ಅವಧಿ ಕಳೆದುಕೊಂಡವರಿದ್ದಾರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಹೆಸರಿಲ್ಲದ ದೂರು ನಡೆಯದು. ಸಂತ್ರಸ್ತರ ಪರವಾಗಿ ಬೇರೆಯವರೂ ಕೊಡಬಹುದು. ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಬರೆಯಬಹುದು, ಅಂದರೆ ಕನ್ನಡದಲ್ಲೂ. ಅರೆಬರೆ ಇಂಗ್ಲಿಷಿನಲ್ಲಿ ನೋವನ್ನು ತೊದಲುವುದಕ್ಕಿಂತ ಕನ್ನಡದಲ್ಲಿ ಪೂರ್ತಿ ಬರೆದು, ಬಲ್ಲವರಿಂದ ಒಂದು ಪುಟದ ಇಂಗ್ಲಿಷ್ ಸಾರಾಂಶ ಬರೆಸಿ ಜೊತೆಗಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಆನ್‌ಲೈನ್‌ನಲ್ಲಿ ಎಚ್‌ಆರ್‌ಸಿನೆಟ್ ಪೋರ್ಟಲ್ ಇದೆ, ಸಹಾಯವಾಣಿ 14433. ಸಿಗುವ ಡೈರಿ ನಂಬರ್ ಬರೆದಿಟ್ಟುಕೊಳ್ಳಿ.

ಠಾಣೆಯೊಳಗೇ ಹೊಡೆದಿದ್ದರೆ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಡಿಸಿಪಿಗೂ ಆಯೋಗಕ್ಕೂ ತಕ್ಷಣ ಬರೆಯಿರಿ. ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ.

ಆಯೋಗ ವರದಿ ತರಿಸಿಕೊಳ್ಳಬಹುದು, ಪರಿಹಾರ ಮತ್ತು ಕ್ರಮಕ್ಕೆ ಶಿಫಾರಸು ಮಾಡಬಹುದು. ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ತಾಳ್ಮೆಯೂ ಬೇಕು. ವೀರಪ್ಪನ್ ಕಾರ್ಯಾಚರಣೆಯ ಹೆಸರಿನಲ್ಲಿ ಮಲೆಮಹದೇಶ್ವರ ಬೆಟ್ಟದ ಸುತ್ತಲಿನ ಜನ ಅನುಭವಿಸಿದ ಹಿಂಸೆಯ ತನಿಖೆಗೆ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ರಚಿಸಿದ್ದು 1999ರಲ್ಲಿ; 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿದ್ದು 2007ರ ಜನವರಿಯಲ್ಲಿ.

ಉಳಿದ ದಾರಿಗಳು ಚುಟುಕಾಗಿ. ಉಚಿತ ಕಾನೂನು ನೆರವಿಗೆ 15100. ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲ. ಈಶಾನ್ಯ ರಾಜ್ಯದವರಿಗೆ ದೆಹಲಿ ಪೊಲೀಸರ 1093. ಅಕ್ರಮವಾಗಿ ಹಿಡಿದಿಟ್ಟಿದ್ದರೆ ಆಯೋಗಕ್ಕಾಗಿ ಕಾಯದೆ ದೆಹಲಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಸಿ. ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ನೀಲಬತಿ ಬೆಹೆರಾ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟ್ 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತ್ತು.

ಅಂಚೆಯಲ್ಲಿ ಕಳಿಸುವವರಿಗೆ ವಿಳಾಸ: ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಮಾನವ ಅಧಿಕಾರ ಭವನ, ಸಿ ಬ್ಲಾಕ್, ಜಿಪಿಒ ಕಾಂಪ್ಲೆಕ್ಸ್, ಐಎನ್‌ಎ, ನವದೆಹಲಿ 110023.