‘ಅರ್ಧ ಡಾಕ್ಟರ್’ ಕೋರ್ಸಿಗೆ ಹೊಲ ಒತ್ತಿ ಇಡಲೇ?

ಪ್ರಶ್ನೆ: ಮೇಡಂ, ನಮ್ಮದು ಮಾನ್ವಿ ತಾಲ್ಲೂಕಿನ ಹಳ್ಳಿ. ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ನೀಟ್‌ನಲ್ಲಿ ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಬೆಂಗಳೂರಿನ ಕಾಲೇಜೊಂದರ ಏಜೆಂಟ್ ಬಂದು, ‘ಬಿಎಸ್ಸಿ ಫಿಸಿಶಿಯನ್ ಅಸಿಸ್ಟೆಂಟ್ ಮಾಡಿಸ್ರಿ, ಅರ್ಧ ಡಾಕ್ಟರ್ ಆದಂಗ. ನಿಮ್ಮೂರಾಗೇ ದವಾಖಾನಿ ಇಡಬಹುದು’ ಅಂತಾನೆ. ದೇವದುರ್ಗದಲ್ಲಿರುವ ನನ್ನ ತಂಗಿ ನರ್ಸಿಂಗ್ ಮಾಡಿಸು ಅಂತಾಳೆ. ಮಗಳಿಗೆ ಊರ ಹತ್ತಿರವೇ ಇದ್ದು ರೋಗಿಗಳನ್ನು ನೋಡುವ ಆಸೆ. ಹೊಲ ಒತ್ತಿ ಇಟ್ಟು ಫೀ ಕಟ್ಟಲೇ?

ಉತ್ತರ: ಹೊಲದ ಕಾಗದಪತ್ರ ಸದ್ಯ ಮನೆಯಲ್ಲೇ ಇರಲಿ.

ಏಜೆಂಟ್ ಹೇಳಿದ ಕೋರ್ಸ್ ಸುಳ್ಳಲ್ಲ, ದವಾಖಾನೆಯ ಮಾತು ಸುಳ್ಳು. ಫಿಸಿಶಿಯನ್ ಅಸಿಸ್ಟೆಂಟ್ ಹುದ್ದೆ ಹುಟ್ಟಿದ್ದು ಅಮೆರಿಕದಲ್ಲಿ, 1965ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಇವರು ಔಷಧಿ ಚೀಟಿ ಬರೆಯುತ್ತಾರೆ. ನಮ್ಮಲ್ಲಿ ಇವರ ಕೆಲಸ ಹೆಚ್ಚಾಗಿ ನಗರದ ದೊಡ್ಡ ಆಸ್ಪತ್ರೆಗಳಲ್ಲಿ, ವೈದ್ಯರ ಕೈಕೆಳಗೆ. ವೈದ್ಯರಾಗಿ ನೋಂದಣಿಯಾಗದವರು ವೈದ್ಯವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದೇ ಕಾಯ್ದೆಯಲ್ಲಿ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಮಿತಿಯುಳ್ಳ ಪರವಾನಗಿ ಕೊಡುವ ಅವಕಾಶವೇನೋ ಇದೆ. ಆದರೆ ಅದು ಪದವಿಯ ಜೊತೆ ತಾನಾಗಿ ಕೈಗೆ ಬರುವಂಥದ್ದಲ್ಲ.

ನಿಮ್ಮ ಮಗಳ ಆಸೆಗೆ ಹತ್ತಿರವಾದ ದಾರಿ ನಿಮ್ಮ ತಂಗಿ ತೋರಿಸಿದ್ದೇ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದ ಮೇಲೆ ಆರೋಗ್ಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಎಂಬ ಹುದ್ದೆ ಬಂತು. ಬಯಲುಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದು ಉಪಕೇಂದ್ರ. ಬಿಪಿ, ಸಕ್ಕರೆ ಕಾಯಿಲೆ ಪತ್ತೆ ಮಾಡುವುದು, ವೈದ್ಯರು ಬರೆದ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಗರ್ಭಿಣಿಯರ ತಪಾಸಣೆ, ಇ–ಸಂಜೀವಿನಿ ಎಂಬ ಆನ್‌ಲೈನ್ ಸೇವೆಯಲ್ಲಿ ವೈದ್ಯರ ಜೊತೆ ರೋಗಿಯನ್ನು ಮಾತನಾಡಿಸುವುದು ಇವರ ಕೆಲಸ. ಬಿಪಿ ನೋಡಿಸಲಿಕ್ಕೇ ಒಂದು ದಿನದ ಕೂಲಿ ಬಿಟ್ಟು ರಾಯಚೂರು ಬಸ್ ಹತ್ತುವ ಮುದುಕಿಗೆ ಇದು ಸಣ್ಣ ಸೇವೆಯಲ್ಲ. ಈ ಹುದ್ದೆಗೆ ಮೊದಲು ನರ್ಸಿಂಗ್ ಆದವರಿಗೆ ಆರು ತಿಂಗಳ ಪ್ರತ್ಯೇಕ ತರಬೇತಿ ಇತ್ತು. ಈಗ ಬಿಎಸ್ಸಿ ನರ್ಸಿಂಗ್ ಪಠ್ಯದಲ್ಲೇ ಅದು ಸೇರಿದೆ.

ಇದರ ಕಹಿಯನ್ನೂ ತಿಳಿದಿರಿ. ಸಿಎಚ್‌ಒ ಕೆಲಸ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯದು, ಕಾಯಂ ಅಲ್ಲ. ಸಂಬಳದ ಒಂದು ಪಾಲು ಕೆಲಸದ ಗುರಿ ನೋಡಿ ಬರುತ್ತದೆ. ಸಿಎಚ್‌ಒ ಇದ್ದಾರೆಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕುರ್ಚಿ ಖಾಲಿ ಬಿಡುವಂತೆಯೂ ಇಲ್ಲ. ಕಷ್ಟದ ರೋಗಿಯನ್ನು ಕಳಿಸಲು ಆಕೆಗೊಬ್ಬ ವೈದ್ಯರು ಬೇಕೇ ಬೇಕು. ಆದರೂ ನರ್ಸಿಂಗ್ ಕೈಯಲ್ಲಿದ್ದರೆ ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೂ ಅರ್ಜಿ ಹಾಕಬಹುದು, ಖಾಸಗಿ ಆಸ್ಪತ್ರೆಗೂ ಹೋಗಬಹುದು.

ಇನ್ನು ಮಾಡಬೇಕಾದ್ದು: ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ನರ್ಸಿಂಗ್ ಸೀಟಿಗೆ ಪ್ರಯತ್ನಿಸಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಡಿ. ನರ್ಸಿಂಗ್ ಕಾಲೇಜು ರಾಯಚೂರಿನಲ್ಲೇ ಇರುವಾಗ ಬೆಂಗಳೂರಿನ ಖರ್ಚು ಏಕೆ? ಮಗಳನ್ನು ಹತ್ತಿರದ ಉಪಕೇಂದ್ರಕ್ಕೆ, ಅಂದರೆ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಕರೆದೊಯ್ದು ಅಲ್ಲಿನ ಸಿಎಚ್‌ಒ ಜೊತೆ ಸಂಬಳ, ವಸತಿ, ಕೆಲಸದ ಹೊರೆ ಎಲ್ಲವನ್ನೂ ಮಾತನಾಡಲು ಬಿಡಿ. ತೀರ್ಮಾನ ಅವಳದೇ ಆಗಲಿ.

ಏಜೆಂಟ್ ಮತ್ತೆ ಬಂದರೆ, ‘ದವಾಖಾನಿ ಇಡಬಹುದು’ ಎಂಬ ಮಾತನ್ನು ಕಾಲೇಜಿನ ಲೆಟರ್‌ಹೆಡ್ ಮೇಲೆ ಸಹಿ ಹಾಕಿಸಿ ತರಲು ಹೇಳಿ. ತರಲಾರ.