ಮಾಲ್ದೀವ್ಸ್‌ನ ಒಣ ಟ್ಯೂನಾ: ಅಡುಗೆಮನೆಯಲ್ಲೊಂದು ವಿಜ್ಞಾನ ಪಾಠ

ಇಬ್ನ್ ಬತೂತಾನ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳನ್ನು ನೋಡಿ ಹೋದ ಈ ಪ್ರವಾಸಿ ಮಾಲ್ದೀವ್ಸ್‌ನಲ್ಲಿ ಖಾಜಿಯೂ ಆಗಿದ್ದ. ಅಲ್ಲಿಯವರು ಮೀನನ್ನು ನಾಲ್ಕು ತುಂಡು ಮಾಡಿ, ತುಸು ಬೇಯಿಸಿ, ಗರಿಯ ಬುಟ್ಟಿಯಲ್ಲಿಟ್ಟು ಹೊಗೆಯಲ್ಲಿ ಒಣಗಿಸುತ್ತಿದ್ದರು. ಅದು ಭಾರತ, ಚೀನಾ, ಯೆಮೆನ್‌ಗೆ ಹೋಗುತ್ತಿತ್ತು ಎಂದು ಆತ ಬರೆದಿದ್ದಾನೆ. ಐಸ್ ಇಲ್ಲದ ಕಾಲದಲ್ಲಿ ಆ ಮೀನು ಕೆಡದೆ ಉಳಿದದ್ದು ಹೇಗೆ? ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯಾದ ನನಗೆ ಈ ಪ್ರಶ್ನೆ ಕಾಡಿತು.

ಮಾಲ್ದೀವ್ಸ್‌ನ ಒಣಮೀನನ್ನು ಹೆಚ್ಚಾಗಿ ಮಾಡುವುದು ಸ್ಕಿಪ್‌ಜ್ಯಾಕ್ ಟ್ಯೂನಾದಿಂದ. ಇದರ ವೈಜ್ಞಾನಿಕ ಹೆಸರು ಕಟ್ಸುವೋನಸ್ ಪೆಲಾಮಿಸ್. ನಾವು ತಿನ್ನುವ ಬಂಗುಡೆಯ ಕುಟುಂಬಕ್ಕೇ ಸೇರಿದ್ದು. ಹೊಟ್ಟೆಯ ಮೇಲಿನ ಉದ್ದುದ್ದ ಕಪ್ಪು ಗೆರೆಗಳೇ ಇದರ ಗುರುತು. ಜಗತ್ತಿನಲ್ಲಿ ಹಿಡಿಯುವ ಟ್ಯೂನಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ಡಬ್ಬಿಯಲ್ಲಿ ಸಿಗುವ ಟ್ಯೂನಾ ಕೂಡ ಬಹುಪಾಲು ಇದೇ.

ಟ್ಯೂನಾದ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಹಿಡಿದ ಮೀನು ಬಿಸಿಲಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅಂಥ ಮೀನು ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಬರಬಹುದು. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ಹಿಡಿದ ಕೂಡಲೇ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಹೊಗೆ ಮತ್ತು ಬಿಸಿಲು ನೀರಿನಂಶವನ್ನು ತೆಗೆದು ಹೊಸ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡುತ್ತವೆ. ದ್ವೀಪದವರು ಅನುಭವದಿಂದ ಕಂಡುಕೊಂಡ ವಿಧಾನದ ಹಿಂದಿನ ವಿಜ್ಞಾನ ಇಷ್ಟೇ.

ಮರದಂತೆ ಗಟ್ಟಿಯಾದ ಈ ಮೀನನ್ನು ಶ್ರೀಲಂಕಾದಲ್ಲಿ ಕುಟ್ಟಿ ತೆಂಗಿನಕಾಯಿ ಸಂಬೋಲಕ್ಕೂ ಪಲ್ಯಗಳಿಗೂ ಹಾಕುತ್ತಾರೆ. ಮಾಲ್ದೀವ್ಸ್‌ನ ಬೆಳಗಿನ ತಿಂಡಿ 'ಮಾಸ್ ಹುನಿ': ಟ್ಯೂನಾ, ಕಾಯಿತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಕಲಸಿ ರೊಟ್ಟಿಯೊಡನೆ ತಿನ್ನುವುದು. ಮೀನು ಬೇಯಿಸಿದ ನೀರನ್ನೂ ಚೆಲ್ಲುವುದಿಲ್ಲ. ಅದನ್ನು ಗಂಟೆಗಟ್ಟಲೆ ಕುದಿಸಿ ಗಟ್ಟಿಯಾದ 'ರಿಹಾಕುರು' ಮಾಡುತ್ತಾರೆ. ಜಪಾನಿನಲ್ಲಿ ಇದೇ ಮೀನನ್ನು ಹೊಗೆಯಲ್ಲಿ ಒಣಗಿಸಿ, ತೆಳುವಾಗಿ ಹೆರೆದು ಸಾರು ತೆಗೆಯುತ್ತಾರೆ. ಆ ಸಾರಿನ ರುಚಿಗೆ ಕಾರಣವಾದ ಇನೋಸಿನೇಟನ್ನು 1913ರಲ್ಲಿ ಕೊಡಾಮಾ ಶಿಂಟಾರೊ ಗುರುತಿಸಿದರು.

ಮಾಲ್ದೀವ್ಸ್‌ನಲ್ಲೂ ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಈ ಮೀನನ್ನು ಹಿಡಿಯುವುದು ಕೋಲು-ಗಾಳದಿಂದ. ಜೀವಂತ ಪುಟ್ಟ ಮೀನುಗಳನ್ನು ಎರಚಿ, ಟ್ಯೂನಾದ ಹಿಂಡನ್ನು ದೋಣಿಯ ಬಳಿ ಸೆಳೆದು, ಒಂದೊಂದಾಗಿ ಎತ್ತುತ್ತಾರೆ. ದೊಡ್ಡ ಬಲೆಗಳಂತೆ ಇಲ್ಲಿ ಆಮೆ, ಡಾಲ್ಫಿನ್‌ಗಳು ಸಿಲುಕುವುದು ತೀರಾ ಕಡಿಮೆ.

ಗೆಳೆಯರೇ, ಟ್ಯೂನಾ ಕೊಳ್ಳುವಾಗ ಬೆಲೆಯ ಜೊತೆಗೆ ಅದು ಐಸ್‌ನಲ್ಲಿ ಇತ್ತೇ ಎಂದೂ ಕೇಳಿ. ಮನೆಗೆ ತಂದ ಕೂಡಲೇ ಫ್ರಿಜ್‌ಗೆ ಇಡಿ, ಇಲ್ಲವೇ ಬೇಯಿಸಿ.